ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಮಕ್ಕಳ ಲಸಿಕೆ ವಿಚಾರ

ಮನೆ, ಬ್ಯಾಂಕ್ ಖಾತೆ, ಶಾಲೆ ಎಂದು ಓಡಾಡುವ ಗಡಿಬಿಡಿಯಲ್ಲಿ ಜಿಪಿ (ಇಲ್ಲಿನ ಕುಟುಂಬ ವೈದ್ಯರು) ನೋಂದಣಿ ಹಿಂದೆ ಬೀಳುತ್ತದೆ. ದಯವಿಟ್ಟು ಅದನ್ನು ಮೊದಲ ವಾರದಲ್ಲೇ ಮಾಡಿಸಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ; ವಿಳಾಸದ ದಾಖಲೆ ಇಲ್ಲವೆಂದು ಸರ್ಜರಿಯವರು (ಜಿಪಿಯ ಕ್ಲಿನಿಕ್ಕನ್ನು ಇಲ್ಲಿ ಸರ್ಜರಿ ಎನ್ನುತ್ತಾರೆ) ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ. ಮಗುವಿನ ತಾಯಿ ಕಾರ್ಡ್ ಅಥವಾ ಖಾಸಗಿ ಆಸ್ಪತ್ರೆಯ ಲಸಿಕೆ ಪುಸ್ತಕ ಜೊತೆಗಿರಲಿ. ಕನ್ನಡದಲ್ಲಿದ್ದರೆ ಲಸಿಕೆಯ ಹೆಸರು, ತಾರೀಖುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ.

“ಊರಲ್ಲೇ ಎಲ್ಲಾ ಇಂಜೆಕ್ಷನ್ ಆಗಿದೆ” ಎಂದು ಬಹಳ ಮಂದಿ ಹೇಳುತ್ತಾರೆ. ಊರಿನ ಲೆಕ್ಕಕ್ಕೆ ಅದು ಸರಿಯೇ, ಇಲ್ಲಿನ ಲೆಕ್ಕ ಬೇರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 9 ತಿಂಗಳು ತುಂಬಿದ ಮೇಲೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಎಂಆರ್ ಲಸಿಕೆ ಹಾಕುತ್ತಾರೆ. ಅದು ದಡಾರ ಮತ್ತು ರುಬೆಲ್ಲಾ ತಡೆಯುತ್ತದೆ, ಮಂಗನಬಾವನ್ನಲ್ಲ. ಜೊತೆಗೆ, ಒಂದು ವರ್ಷ ತುಂಬುವ ಮೊದಲು ಹಾಕಿಸಿದ ಡೋಸನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಆಗಿನ್ನೂ ಮಗುವಿನಲ್ಲಿದ್ದು, ಲಸಿಕೆಯ ಪರಿಣಾಮ ತಗ್ಗಬಹುದು. ಆದ್ದರಿಂದ ನರ್ಸ್ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಲಸಿಕೆ) ಹಾಕಿಸಿ ಎಂದರೆ ಗಾಬರಿಯಾಗಬೇಡಿ. ಮೊದಲೇ ರಕ್ಷಣೆ ಇರುವ ಮಗುವಿಗೆ ಇನ್ನೊಂದು ಡೋಸ್ ಬಿದ್ದರೆ ತೊಂದರೆಯಿಲ್ಲ.

ಇಷ್ಟು ಒತ್ತಿ ಹೇಳುವುದು ದಡಾರದ ಕಾರಣಕ್ಕೆ. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ಆ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿರಬಲ್ಲದು. ರಕ್ಷಣೆಯಿಲ್ಲದೆ ಹತ್ತಿರವಿದ್ದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಅಂಟಬಲ್ಲದು. ಕೆಲವು ಮಕ್ಕಳಲ್ಲಿ ಅದು ನ್ಯುಮೋನಿಯಾಕ್ಕೋ ಮೆದುಳಿನ ಊತಕ್ಕೋ ತಿರುಗುತ್ತದೆ. 2024ರಲ್ಲಿ ಇಂಗ್ಲೆಂಡಿನಲ್ಲಿ 2,900ಕ್ಕೂ ಹೆಚ್ಚು ಪ್ರಕರಣಗಳು ದೃಢಪಟ್ಟವು. ಎಂಎಂಆರ್‌ನಿಂದ ಆಟಿಸಂ ಬರುತ್ತದೆಂದು ವಾಟ್ಸಾಪಿನಲ್ಲಿ ಸುತ್ತುವ ಮಾತನ್ನು ನಂಬಬೇಡಿ: ಆ ಭಯ ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ನಾವು ‘ಅಮ್ಮ’ ಎನ್ನುವ ಚಿಕನ್‌ಪಾಕ್ಸ್‌ಗೂ 2026ರ ಜನವರಿಯಿಂದ ಇಲ್ಲಿ ಉಚಿತ ಲಸಿಕೆ ಇದೆ. ಎಂಎಂಆರ್ ಜೊತೆ ಸೇರಿಸಿ ಎಂಎಂಆರ್‌ವಿ ಎಂದು ಕೊಡುತ್ತಾರೆ. 2025ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ 12 ಮತ್ತು 18 ತಿಂಗಳಿಗೆ. ದೊಡ್ಡ ಮಕ್ಕಳಿಗೆ ಅನ್ವಯಿಸುತ್ತದೆಯೇ ಎಂದು ಜಿಪಿಯಲ್ಲಿ ಕೇಳಿ. ಅಮ್ಮ ಬಂದಾಗ ಬೇವಿನ ಸೊಪ್ಪು ಇಡುವ ಹಿರಿಯರ ನಂಬಿಕೆಗೆ ನಮ್ಮ ಗೌರವವಿದೆ. ಆದರೆ ಔಷಧಿಯೇ ಬೇಡವೆಂದು ಮಗುವನ್ನು ಜ್ವರದಲ್ಲಿ ನರಳಿಸಬೇಡಿ. ಪ್ಯಾರಾಸಿಟಮಾಲ್ ಕೊಡಬಹುದು, ವೈದ್ಯರು ಹೇಳದೆ ಐಬುಪ್ರೊಫೆನ್ ಬೇಡ. ಗುಳ್ಳೆಗಳೆಲ್ಲ ಒಣಗಿ ಹಕ್ಕುಗಟ್ಟುವವರೆಗೆ ಶಾಲೆಗೂ ಬೇಡ, ಸಂಘದ ಯುಗಾದಿ ಊಟಕ್ಕೂ ಬೇಡ. ಅಲ್ಲಿ ಬಸುರಿಯರು, ಎಳೆಕೂಸುಗಳು ಇರುತ್ತಾರೆ.

ಸಸ್ಯಾಹಾರಿ ಮನೆಗಳವರು ಗಮನಿಸಿ: ಮಕ್ಕಳ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿ ಹಂದಿಯ ಜೆಲಾಟಿನ್ ಇದೆ. ಎಂಎಂಆರ್‌ನ ಒಂದು ಬ್ರ್ಯಾಂಡಿನಲ್ಲೂ ಇದೆ, ಪ್ರಿಯೊರಿಕ್ಸ್‌ನಲ್ಲಿ ಇಲ್ಲ. ಜೆಲಾಟಿನ್ ಇಲ್ಲದ್ದು ಬೇಕೆಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ, ಸಂಕೋಚ ಬೇಡ. ಇದೊಂದು ಕಾರಣಕ್ಕೆ ಲಸಿಕೆ ಮಾತ್ರ ಬಿಡಬೇಡಿ.

ಜ್ವರ, ಕೆಮ್ಮು, ಕೆಂಪುಗಣ್ಣಿನ ಜೊತೆ ಮೈಮೇಲೆ ದದ್ದು ಎದ್ದರೆ ನೇರ ಸರ್ಜರಿಗೆ ಹೋಗದೆ ಮೊದಲು ಫೋನ್ ಮಾಡಿ. ಸರ್ಜರಿ ಮುಚ್ಚಿದ್ದರೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ, ಫಿಟ್ಸ್ ಬಂದರೆ ಆಂಬ್ಯುಲೆನ್ಸಿಗೆ 999.

ಎಳೆಕೂಸಿನೊಂದಿಗೆ ರಜೆಗೆ ಊರಿಗೆ ಹೊರಟಿದ್ದೀರಾ? 6 ತಿಂಗಳು ತುಂಬಿದ್ದರೆ ಪ್ರಯಾಣಕ್ಕೆಂದೇ ಮುಂಚಿತವಾಗಿ ಎಂಎಂಆರ್ ಹಾಕಿಸಬಹುದೇ ಎಂದು ಜಿಪಿಯಲ್ಲಿ ವಿಚಾರಿಸಿ. ಆ ಡೋಸೂ ಲೆಕ್ಕಕ್ಕಿಲ್ಲ. ವಾಪಸ್ ಬಂದ ಮೇಲೆ 12 ಮತ್ತು 18 ತಿಂಗಳ ಎರಡೂ ಡೋಸ್ ಹಾಕಿಸಲೇಬೇಕು.