ಶುದ್ಧ ಗಾಳಿಯ ಹಣದ ಲೆಕ್ಕ ಕೇಳುವುದು ಹೀಗೆ

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ರಾಜ್ಯದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ಬಂದ ಹಣ ಯಾವುದಕ್ಕೆ ಹೋಯಿತೆಂದು ಮಾಹಿತಿ ಹಕ್ಕು ಕಾಯ್ದೆಯಡಿ ಭಾರತದ ಯಾವ ನಾಗರಿಕರಾದರೂ ಕೇಳಬಹುದು.

ಅರ್ಜಿ ಬರೆಯುವ ಮುನ್ನ ಒಂದು ಗೊಂದಲ ಬಿಡಿಸಿಕೊಳ್ಳಿ. ‘ಸಮೀರ್’ ಆ್ಯಪ್ ತೋರಿಸುವ ಎಕ್ಯೂಐ (ಗಾಳಿ ಗುಣಮಟ್ಟ ಸೂಚ್ಯಂಕ) ಹೆಚ್ಚೆಂದರೆ ಕಳೆದ 24 ಗಂಟೆಗಳ ಸ್ಥಿತಿ ಮಾತ್ರ. ನಗರದ ಸಾಧನೆ ಅಳೆಯುವುದು ಮುಖ್ಯವಾಗಿ ಪಿಎಂ10 (10 ಮೈಕ್ರಾನ್‌ವರೆಗಿನ ಕಣ) ದೂಳಿನ ವಾರ್ಷಿಕ ಸರಾಸರಿಯಿಂದ. ಅದರ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ಶ್ವಾಸಕೋಶದ ಆಳಕ್ಕಿಳಿಯುವ, ಇನ್ನೂ ಸಣ್ಣ ಕಣಗಳಾದ ಪಿಎಂ2.5ಕ್ಕೆ ಮಿತಿ 40 ಇದ್ದರೂ ಹಣ ಹಂಚುವಾಗ ಅದು ಲೆಕ್ಕಕ್ಕೆ ಬರುವುದು ಕಡಿಮೆ. ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ಟ್ಯಾಂಕರ್‌ಗಳಿಗೇ ಹಣ ಹರಿಯುವುದಕ್ಕೆ ಇದೂ ಒಂದು ಕಾರಣ.

ವಿಳಾಸ ತಪ್ಪಿದರೆ ತಿಂಗಳುಗಟ್ಟಲೆ ಹಾಳು. ಗಾಳಿ ಅಳೆಯುವ ಕೇಂದ್ರಗಳ ಮಾಹಿತಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಖರ್ಚಿನ ಲೆಕ್ಕಕ್ಕೆ ಪಾಲಿಕೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಿವೆ. ಹಳೆಯ ಕಡತ ಯಾರ ಬಳಿ ಇದೆಯೋ ಎಂಬ ನೆಪ ಖಂಡಿತ ಬರುತ್ತದೆ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದಲ್ಲಿ ಸರಿಯಾದ ಕಡೆಗೆ ಕಳಿಸಬೇಕೆಂದು ಕಾಯ್ದೆಯ ಕಲಂ 6(3) ಹೇಳುತ್ತದೆ. ಅದನ್ನು ನಂಬಿ ಕೂರುವುದಕ್ಕಿಂತ ಬೇರೆ ಬೇರೆ ಅರ್ಜಿ ಹಾಕುವುದೇ ಲೇಸು.

ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹೆಚ್ಚಿನವರು ಎಡವುವುದು ಪ್ರಶ್ನೆಯಲ್ಲಿ. ‘ದೂಳು ಯಾಕೆ ಕಮ್ಮಿಯಾಗಿಲ್ಲ?’ ಎಂದರೆ ಉತ್ತರ ಸಿಗದು. ಕಚೇರಿಯಲ್ಲಿ ಇರುವ ದಾಖಲೆಯನ್ನಷ್ಟೇ ಕೊಡಬೇಕು. ಹೀಗೆ ಬರೆಯಿರಿ: ‘2024–25ರಲ್ಲಿ ಶುದ್ಧ ಗಾಳಿ ಕಾರ್ಯಕ್ರಮದ ಅನುದಾನದಿಂದ ಓಡಿಸಿದ ಗುಡಿಸುವ ಯಂತ್ರ, ಟ್ಯಾಂಕರ್‌ಗಳ ವರ್ಕ್ ಆರ್ಡರ್, ಲಾಗ್ ಬುಕ್, ಪಾವತಿಯಾದ ಬಿಲ್ಲುಗಳು ಹಾಗೂ ಹಣ ಬಳಕೆ ಪ್ರಮಾಣಪತ್ರದ ದೃಢೀಕೃತ ಪ್ರತಿ.’

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಗಡುವು ಮೀರಿದ ಮೇಲೆ ಪ್ರತಿಗಳಿಗೆ ದುಡ್ಡು ಕೇಳುವಂತಿಲ್ಲ, ಕಲಂ 7(6) ನೆನಪಿಸಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಕಾಗದ ಕೈಗೆ ಬಂದಾಗ ಒಟ್ಟು ಮೊತ್ತದ ಮೇಲೆ ಕಣ್ಣಿಡಬೇಡಿ. ಲಾಗ್ ಬುಕ್ಕಿನ ತಾರೀಖುಗಳನ್ನು ಆ ತಿಂಗಳ ಮಳೆಯ ದಿನಗಳ ಪಕ್ಕ ಇಡಿ. ಜೋರು ಮಳೆ ಬಂದ ದಿನವೂ ಟ್ಯಾಂಕರ್ ನೀರು ಚಿಮುಕಿಸಿದೆ ಎಂದಿದ್ದರೆ, ನಿಮ್ಮ ಮುಂದಿನ ಅರ್ಜಿಯ ವಿಷಯ ಅದೇ.