ಮುನ್ನೂರು ಪ್ರತಿ ಸಾಕು

ಸ್ವಂತ ಪುಸ್ತಕ ಮಾಡಬೇಕು, ಹೇಗೆ ಅಕ್ಕ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ. ಕೊಳ್ಳುವವರು ಯಾರು? "ಓದುಗರು" ಅಂದರೆ ಸಾಲದು, ಹೆಸರು ಬೇಕು. ಒಂದು ನೋಟುಪುಸ್ತಕ ತೆಗೆದುಕೊಂಡು ಬರೆಯಿರಿ. ಶಾಲೆಯ ಮಾಷ್ಟ್ರು, ತಾಳಮದ್ದಳೆಯ ಗೆಳೆಯರು, ಮಂಗಳೂರಲ್ಲಿರುವ ಭಾವ, ಬೆಂಗಳೂರಿಗೆ ಹೋಗಿ ಕೂತ ಕ್ಲಾಸ್‌ಮೇಟು. ಪಟ್ಟಿ 150 ದಾಟದಿದ್ದರೆ 300ಕ್ಕಿಂತ ಜಾಸ್ತಿ ಅಚ್ಚು ಹಾಕಿಸಬೇಡಿ.

ಇದು ಪೆಟ್ಟು ತಿಂದು ಕಲಿತದ್ದು. ಕಾಸರಗೋಡಿನ ಬದಿಯಡ್ಕದ ಹತ್ತಿರ ಮನೆ ನನ್ನದು. ಹನ್ನೆರಡು ವರ್ಷ ಡಿಟಿಪಿ, ಅಂದರೆ ಕಂಪ್ಯೂಟರಲ್ಲಿ ಅಕ್ಷರ ಜೋಡಿಸಿ ಪುಟ ಮಾಡುವ ಕೆಲಸ ಮಾಡಿದ್ದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಇತರರ ಕವನ ಸಂಕಲನ. ನನ್ನ ಕಥೆಗಳನ್ನು ನಾನೇ ತರುವಾಗ, ಸಾವಿರ ಹಾಕಿಸಿದರೆ ಒಂದಕ್ಕೆ ಬೀಳುವ ಖರ್ಚು ತುಂಬಾ ಕಮ್ಮಿ ಅಂತ ಲೆಕ್ಕ ಹಾಕಿದೆ. ಲೆಕ್ಕ ಸರಿಯೇ ಇತ್ತು. ಆರುನೂರು ಪ್ರತಿ ಅಟ್ಟ ಸೇರಿತು. ನಮ್ಮ ಮಳೆಗಾಲ ಗೊತ್ತಲ್ಲ, ಎರಡನೇ ಆಟಿ (ಜೋರು ಮಳೆಯ ತುಳು ತಿಂಗಳು) ಕಳೆಯುವಾಗ ಅರ್ಧ ಕಟ್ಟಿಗೆ ಬೂಸ್ಟು ಬಂದಿತ್ತು.

ಈಗ ಡಿಜಿಟಲ್ ಅಚ್ಚು ಇದೆ. ಒಂದಕ್ಕೆ ಬೀಳುವ ಖರ್ಚು ಜಾಸ್ತಿ, ಒಟ್ಟು ಖರ್ಚು ಕಮ್ಮಿ. ನನ್ನ ಕಳೆದ ಪುಸ್ತಕ ಡೆಮಿ ಅಳತೆ (ಸಾಮಾನ್ಯ ಕಥೆಪುಸ್ತಕದ ಅಳತೆ), 128 ಪುಟ. ಒಳಗೆ 70 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅಂತ ಲೆಕ್ಕ) ಕಾಗದ, ಹೊರಗೆ 300 ಜಿಎಸ್ಎಂ ಆರ್ಟ್ ಬೋರ್ಡ್. ಒಂದಕ್ಕೆ 75 ರೂಪಾಯಿ ಬಿತ್ತು. 300ಕ್ಕೆ 22,500. ಬೆಲೆ 160 ಇಟ್ಟೆ. ಕೈಯಿಂದ ಕೈಗೆ 200 ಹೋಯಿತು, 32,000 ಬಂತು. ಅಂಗಡಿಗೆ 60 ಕೊಟ್ಟೆ, ಅಲ್ಲಿ ನೂರಕ್ಕೆ 35 ಬಿಡಬೇಕು. ಉಳಿದ 40 ಸುಮ್ನೆ ಕೊಡಲಿಕ್ಕೆ. ಪ್ಲೇಟು ಮಾಡಿ ಹಾಕುವ ಆಫ್‌ಸೆಟ್ ಅಚ್ಚಲ್ಲೇ ಮಾಡಿಸುವುದಾದರೆ 16 ಪುಟಕ್ಕೆ ಒಂದು ಫಾರಂ ಅಂತ ನೆನಪಿಡಿ. 128 ಪುಟ ಅಂದರೆ ಸರಿಯಾಗಿ ಎಂಟು ಫಾರಂ. 131 ಪುಟ ಆದರೆ ಮೇಲಿನ ಮೂರು ಪುಟಕ್ಕೆ ಬೇರೆ ಕಾಗದ ತೆರಬೇಕು. ಒಂದು ಪ್ಯಾರಾ ಕಡಿದರೆ ಯಾರೂ ಸಾಯುವುದಿಲ್ಲ.

ಅಚ್ಚಿಗೆ ಮೊದಲು ಅಕ್ಷರ. ಹೆಚ್ಚು ಹೊತ್ತು ಇಲ್ಲೇ ಕೊಡಿ. ನುಡಿ, ಬರಹ ಅನ್ನುವ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲನ್ನು, ಈಗ ಎಲ್ಲ ಕಡೆ ನಡೆಯುವ ಯುನಿಕೋಡಿಗೆ ತಿರುಗಿಸಿದಾಗ ಒತ್ತಕ್ಷರ ಹಾರುತ್ತದೆ. ಅದು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಕಣ್ಣಿಗೆ ಬೀಳದ ಕಳ್ಳರು ಇಬ್ಬರಿದ್ದಾರೆ. ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತು, ಅನುಸ್ವಾರದ ಬದಲು ಸೊನ್ನೆ. "ಅರ್ಥ" ಅನ್ನುವುದು "ಅಥ೯" ಆಗಿರುತ್ತದೆ, "ಬಂದ" ಅನ್ನುವುದು "ಬ೦ದ". ಫೈಲಿನಲ್ಲಿ ೯ ಮತ್ತು ೦ ಹುಡುಕಿ, ಒಂದೊಂದೇ ನೋಡಿ ಬದಲಿಸಿ. ಎಲ್ಲ ಒಟ್ಟಿಗೆ ಬದಲಿಸಿದರೆ ಇಸವಿಗಳೂ ಹಾಳಾಗುತ್ತವೆ. ಹನ್ನೆರಡು ವರ್ಷದ ಅನುಭವ ಇದ್ದೂ ನಾನೇ ಹಾಗೆ ಮಾಡಿದ್ದೇನೆ.

ಕರಡು ತಿದ್ದಲು ನಮ್ಮ ಊರಿನ ಒಬ್ಬರು, ಹೊರಗಿನ ಒಬ್ಬರು ಇರಲಿ. ಘಟ್ಟದ ಮೇಲಿನವರು ಮಾತ್ರ ತಿದ್ದಿದರೆ ಏನಾಗುತ್ತದೆ ಹೇಳುತ್ತೇನೆ. "ಜಾಲಿನಲ್ಲಿ ಅಡಕೆ ಒಣಗುತ್ತಿತ್ತು" ಅಂತ ಬರೆದಿದ್ದೆ. ಜಾಲು ಅಂದರೆ ನಮಗೆ ಅಂಗಳ. ಕರಡು ವಾಪಸು ಬಂದಾಗ ಅಡಕೆ "ಜಾಲದಲ್ಲಿ" ಒಣಗುತ್ತಿತ್ತು, ಬಲೆ ಹಾಕಿ ಹಿಡಿದ ಮೀನಿನ ಹಾಗೆ! ಅವರ ತಪ್ಪಲ್ಲ. ಈಗ ಬಿಡಬೇಕಾದ ಶಬ್ದಗಳ ಪಟ್ಟಿಯನ್ನು ಕರಡಿನ ಜೊತೆಯೇ ಕಳಿಸುತ್ತೇನೆ. ತುಳು, ಮಲಯಾಳ, ಹವಿಗನ್ನಡ ಸೇರಿ ಆದ ಮಾತು ನಮ್ಮದು, ಅದನ್ನು ಸೋಸಿ ತೆಗೆದರೆ ಪುಸ್ತಕವನ್ನು ಇಲ್ಲಿಂದ ಮಾಡುವುದು ಯಾಕೆ?

ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ನಂಬರು, ಪುಕ್ಕಟೆ. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ, ಅರ್ಜಿ ಆನ್‌ಲೈನ್. ನಡುವೆ ದುಡ್ಡು ಕೇಳುವವರು ಸಿಕ್ಕರೆ ಕೈ ಮುಗಿದು ಬನ್ನಿ. ಮುಖಪುಟ ಮಾಡಿಸುವ ಮೊದಲೇ ಅರ್ಜಿ ಹಾಕಿ, ಹಿಂಬದಿಯಲ್ಲಿ ಅದರ ಬಾರ್‌ಕೋಡು ಬರಬೇಕಲ್ವಾ. ಅಚ್ಚಾದ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. 1954ರ ಕಾನೂನಿನ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಮ್ಮ ಖರ್ಚಲ್ಲೇ ಕಳಿಸಬೇಕು. ತುಂಬಾ ಜನ ಕಳಿಸುವುದಿಲ್ಲ. ನಾನು ಕಳಿಸುತ್ತೇನೆ. ನನ್ನ ಅಟ್ಟಕ್ಕಿಂತ ಕೋಲ್ಕತ್ತದ ಕಪಾಟು ಗಟ್ಟಿ.

ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ. ಆದರೆ ಅದನ್ನು ನಂಬಿ ಮೊದಲೇ ಅಚ್ಚು ಹಾಕಿಸಬೇಡಿ. ಆಯ್ಕೆ ಆದರೆ ಆಗ ಹಾಕಿಸಿದರಾಯ್ತು, ಫೈಲು ನಮ್ಮ ಹತ್ತಿರವೇ ಇದೆ.

ಬಿಡುಗಡೆಗೆ ಬೇರೆ ಸಭೆ ಯಾಕೆ? ಹಾಲ್ ಬಾಡಿಗೆ, ಶಾಲು, ಊಟ, ಇಷ್ಟರಲ್ಲೇ ಐವತ್ತು ಪುಸ್ತಕದ ದುಡ್ಡು ಹೋಗುತ್ತದೆ. ಜನ ಹೇಗೂ ಸೇರುವ ಕಡೆ ಅರ್ಧ ಗಂಟೆ ಕೇಳಿ. ಶಾಲೆಯ ವಾರ್ಷಿಕೋತ್ಸವ, ತಾಳಮದ್ದಳೆ, ಜಾತ್ರೆ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ. ಮೇಜು ಬಾಗಿಲ ಹತ್ತಿರ ಬೇಡ, ಕಾಫಿ ಕೊಡುವ ಜಾಗದ ಹತ್ತಿರ ಇಡಿ. ಹತ್ತರ ಹದಿನೈದು ನೋಟು ಚಿಲ್ಲರೆ ಇರಲಿ. ಕ್ಯೂಆರ್ ಕೋಡ್ ಅಂಟಿಸಿದರೂ ಹಿರಿಯರು ಇನ್ನೂರರ ನೋಟೇ ಕೊಡುತ್ತಾರೆ, 40 ವಾಪಸು ಕೊಡಲು ಇಲ್ಲದಿದ್ದರೆ "ಮತ್ತೆ ತಕ್ಕೊಳ್ತೇನೆ" ಅಂತ ಹೋಗುತ್ತಾರೆ. ಆ ಮತ್ತೆ ಬರುವುದಿಲ್ಲ.

ದೂರದವರಿಗೆ ಅಂಚೆ. 2025ರ ಮೇ ತಿಂಗಳಲ್ಲಿ ಶುರುವಾದ ಜ್ಞಾನ ಪೋಸ್ಟ್ ಅಂತ ಇದೆ. 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100, ಮೇಲೆ ತೆರಿಗೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು, ಜಾಹೀರಾತು ಇರಬಾರದು. ಹೊದಿಕೆ ಸೇರಿಸಿ ತೂಗಿ ನೋಡಿ. ನನ್ನ ಒಂದು ಪುಸ್ತಕ ದಪ್ಪ ರಟ್ಟಿನ ದೆಸೆಯಿಂದ 310 ಗ್ರಾಂ ಆಗಿತ್ತು. ಅವತ್ತಿನಿಂದ ರಟ್ಟು ಬಿಟ್ಟು ಎರಡು ಸುತ್ತು ಪ್ಲಾಸ್ಟಿಕ್ ಹಾಕುತ್ತೇನೆ.

ಮೇ ಕೊನೆಗೂ ಪ್ರತಿ ಉಳಿದಿದ್ದರೆ ಅಟ್ಟಕ್ಕೆ ಹಾಕಬೇಡಿ, ಅಡಕೆ ಗೋಣಿಯ ಪಕ್ಕವಂತೂ ಬೇಡವೇ ಬೇಡ. ಹತ್ತತ್ತರ ಕಟ್ಟು ಮಾಡಿ, ಪ್ಲಾಸ್ಟಿಕ್ಕಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಮಂಚದ ಮೇಲೆ ಇಡಿ. ನಮ್ಮಲ್ಲಿ ಅದು ನೆಂಟರ ಮಂಚ. ಹಾಗಾಗಿ ಆಟಿಯಲ್ಲಿ ಬರುವ ನೆಂಟರು ಮೊದಲು ಒಂದೆರಡು ಕಟ್ಟು ಖಾಲಿ ಮಾಡಬೇಕು.