ಲಾಂಗ್ ಜಂಪ್ ಅಳತೆ ಕ್ಯಾಮೆರಾ ಮುಂದೆ ಕೈಹಿಡಿಯಿತು: ನನ್ನ ಅನುಭವ

"ಆಟಗಾರ ಮಾಡೆಲ್ ಆಗಬಹುದು, ನಟ ಆಗೋದು ಕಷ್ಟ." ಬೆಂಗಳೂರಿನಲ್ಲಿ ಈ ಮಾತನ್ನು ತುಂಬಾ ಜನ ಹೇಳಿದರು. 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಡಿಸ್ಕಸ್ ಚಿನ್ನ ಗೆದ್ದ ಪಂಜಾಬಿನ ಪ್ರವೀಣ್ ಕುಮಾರ್ ಸೋಬ್ತಿ ಅವರೇ ಆಮೇಲೆ ದೂರದರ್ಶನದಲ್ಲಿ ಭೀಮನಾಗಿದ್ದು. ಅದನ್ನು ನೆನಪಿಸಿದರೆ, "ಅದು ಮೈಕಟ್ಟಿನ ಪಾತ್ರ ಬಿಡಿ" ಅನ್ನುತ್ತಿದ್ದರು. ಈಗ ಒಂದು ಧಾರಾವಾಹಿಯಲ್ಲಿ ನಾಯಕನ ತಮ್ಮನಾಗಿದ್ದೇನೆ. ಮೈಗಿಂತ ಮಾತೇ ಜಾಸ್ತಿ ಇರುವ ಪಾತ್ರ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆ ಕಡೆಯವನು. ಲಾಂಗ್ ಜಂಪ್‌ನಲ್ಲಿ 7 ಮೀಟರ್ ದಾಟಿದ್ದೆ, ಮೈಸೂರು ದಸರಾ ಕ್ರೀಡಾಕೂಟದಲ್ಲೂ ಹಾರಿದ್ದೆ. ಮಂಡಿ ನೋವು ಬಂದ ಮೇಲೆ ಎತ್ತರ ನೋಡಿ ಗೆಳೆಯರು ಮಾಡೆಲಿಂಗ್ ಕಡೆ ತಳ್ಳಿದರು.

ಪೋರ್ಟ್‌ಫೋಲಿಯೋಗೆ ಸುಮಾರು 40 ಸಾವಿರ ಹೋಯಿತು. ಅಪ್ಪನ ಆ ವರ್ಷದ ಶೇಂಗಾ ದುಡ್ಡು. ಆ ಆಲ್ಬಮ್ಮನ್ನು ಯಾರೂ ಪೂರ್ತಿ ತಿರುಗಿಸಿ ನೋಡಲಿಲ್ಲ. ಕೆಲಸ ಕೊಡಿಸಿದ್ದು ಬಿಳಿ ಗೋಡೆ ಮುಂದೆ ಮೊಬೈಲ್‌ನಲ್ಲಿ ತೆಗೆದ ನಾಲ್ಕು ಫೋಟೋ. ಹಾರುವವರ ತೊಡೆ ಸ್ಲಿಮ್ ಜೀನ್ಸ್‌ನಲ್ಲಿ ಹಿಡಿಸುವುದಿಲ್ಲ. ಬನಿಯನ್ ಹಾಕಿ ಬಿಸಿಲಲ್ಲಿ ಓಡಿದ ಗುರುತು ಭುಜದ ಮೇಲೆ ಹಾಗೇ ಇರುತ್ತದೆ. ಹಾಗಾಗಿ ನನಗೆ ಸಿಕ್ಕಿದ್ದು ಶರ್ಟ್ ಕ್ಯಾಟಲಾಗ್. ದಿನಕ್ಕೆ ನಲವತ್ತೈವತ್ತು ಶರ್ಟ್, ಎಲ್ಲದಕ್ಕೂ ಬೆನ್ನ ಹಿಂದೆ ಕ್ಲಿಪ್. ದಿನಕ್ಕೆ 3 ಸಾವಿರ, ಅದರಲ್ಲಿ ಕೆಲಸ ಕೊಡಿಸುವ ಕೋಆರ್ಡಿನೇಟರ್‌ಗೆ ಐದರಲ್ಲೊಂದು ಪಾಲು. ದುಡ್ಡು ಬರುವಷ್ಟರಲ್ಲಿ ಎರಡು ಮೂರು ತಿಂಗಳು. ಒಬ್ಬರಂತೂ ಇವತ್ತಿಗೂ ಕೊಟ್ಟಿಲ್ಲ. ರ‍್ಯಾಂಪ್ ಮೇಲೆ ನನ್ನ ತಲೆ ಮೇಲೆ ಕೆಳಗೆ ಕುಣಿಯುತ್ತಿತ್ತು, ಮುಂಗಾಲಲ್ಲಿ ಪುಟಿಯುವ ಅಭ್ಯಾಸ. ಊರಿಗೆ ಹೋದಾಗಲೆಲ್ಲ ಹೊಲದ ಬದುವಿನ ಮೇಲೆ ಹಿಮ್ಮಡಿ ಊರಿ ನಡೆದು ಅದನ್ನು ಸರಿಮಾಡಿದೆ.

ಆಡಿಷನ್‌ಗಳು ಬೇರೆಯೇ ಕಥೆ. ಮೂವತ್ತರ ಹತ್ತಿರ ಕೊಟ್ಟಿರಬೇಕು, ಎಲ್ಲ ಕಡೆ ಒಂದೇ ಮಾತು: "ಪೋಸ್ ಕೊಡ್ತೀಯ." ಚಿಕ್ಕ ಪಾತ್ರ ಸಿಕ್ಕರೂ ಮಾರ್ಕ್ ಮೇಲೆ, ಅಂದರೆ ನಟ ನಿಲ್ಲಬೇಕಾದ ಕಡೆ ನೆಲಕ್ಕೆ ಅಂಟಿಸಿದ ಟೇಪ್ ಮೇಲೆ, ನಿಲ್ಲುವುದೇ ಆಗುತ್ತಿರಲಿಲ್ಲ. ಡೈಲಾಗ್ ಹೇಳುತ್ತಾ ನಡೆದು ಬಂದು, ನೆಲದ ಟೇಪ್ ನೋಡದೆ ಅಲ್ಲೇ ನಿಲ್ಲಬೇಕು. ಕಣ್ಣು ಕೆಳಗೆ ಹೋದರೆ ಟೇಕ್ ಹಾಳು. ಒಂದು ಹೆಜ್ಜೆ ಮುಂದೆ ಹೋದರೆ ಫೋಕಸ್ ಹೋಯಿತು.

ಹಾಗೆ ನೋಡಿದರೆ ಇದು ನನಗೆ ಗೊತ್ತಿದ್ದ ಕೆಲಸವೇ. ಓಡಿ ಬಂದು, ಹಾರಲು ಕಾಲೂರುವ 20 ಸೆಂಟಿಮೀಟರ್ ಅಗಲದ ಬೋರ್ಡನ್ನು ನೋಡದೆ ಮೆಟ್ಟುವುದೇ ಲಾಂಗ್ ಜಂಪ್, ಅಲ್ವಾ? ಬೋರ್ಡ್‌ನಿಂದ ಹಿಂದಕ್ಕೆ ಓಡಿ ಶುರುವಿನ ಜಾಗ ಗುರುತು ಮಾಡುತ್ತೇವೆ. ಸೆಟ್‌ನಲ್ಲೂ ಅದನ್ನೇ ಮಾಡಿದೆ. ಮಾರ್ಕ್ ಮೇಲೆ ನಿಂತು, ಬೆನ್ನು ತಿರುಗಿಸಿ, ಡೈಲಾಗ್ ಹೇಳುತ್ತಾ ಅದೇ ವೇಗದಲ್ಲಿ ನಡೆಯುವುದು. ಮಾತು ಮುಗಿದ ಜಾಗವೇ ನನ್ನ ಶುರು. ಕೊನೆಯ ಎರಡು ಹೆಜ್ಜೆಗೆ ಯಾವ ಪದ ಬೀಳುತ್ತದೆ ಅಂತ ಮೊದಲೇ ಕೂರಿಸಿಕೊಳ್ಳುತ್ತೇನೆ. ಅಸಿಸ್ಟೆಂಟ್ ಡೈರೆಕ್ಟರ್ ಒಬ್ಬರು, "ಹೆಜ್ಜೆ ಎಣಿಸಿದರೆ ಭಾವ ಬರಲ್ಲ" ಅಂದರು. ಎಣಿಸುವುದು ರಿಹರ್ಸಲ್‌ನಲ್ಲಿ ಮಾತ್ರ. ಟೇಕ್‌ನಲ್ಲಿ ಕಾಲಿಗೇ ಗೊತ್ತಿರುತ್ತದೆ, ಮನಸ್ಸು ಪೂರ್ತಿ ಎದುರಿನವರ ಮೇಲೆ. ಈಗ ನನ್ನ ದೃಶ್ಯಗಳು ಬಹಳ ಸಲ ಮೊದಲನೇ ಟೇಕ್‌ಗೇ ಓಕೆ. ಯೂನಿಟ್‌ನಲ್ಲಿ ಇದಕ್ಕೇ ನನಗೆ ಹೆಸರು.

ಸ್ಕಿಪ್ಪಿಂಗ್ ಮಾಡುತ್ತಾ ಡೈಲಾಗ್ ಕಲಿಯುವುದನ್ನೂ ಕೆಲವು ತಿಂಗಳು ನೋಡಿದೆ. ಎಲ್ಲ ವಾಕ್ಯವೂ ಒಂದೇ ರಾಗಕ್ಕೆ ಬಂತು. ನೀನಾಸಂನಲ್ಲಿ ಕಲಿತ ಗೆಳೆಯ ಕೇಳಿದ ಕೂಡಲೇ ನಿಲ್ಲಿಸು ಅಂದ. ಅಳುವ ದೃಶ್ಯಕ್ಕೆ ಮುಂಚೆ ಉಸಿರಿಗೆ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಮೊದಲು ದಿನಕ್ಕೆ 1,500 ಕೊಡುತ್ತಿದ್ದರು, ಈಗ ಆರೇಳು ಸಾವಿರ. ಈ ಅಳತೆ ಮಾಡಿ ನೋಡುವವರು ಪಾತ್ರದ ಚಪ್ಪಲಿ ಹಾಕಿಕೊಂಡೇ ಅಳೆಯಿರಿ. ಬರಿಗಾಲಲ್ಲಿ ಅಳೆದು ಶೂನಲ್ಲಿ ನಡೆದರೆ ಎಂಟು ಹೆಜ್ಜೆಗೆ ಅರ್ಧ ಅಡಿಯಾದರೂ ತಪ್ಪುತ್ತದೆ.